ಮೈದಾನದ ನಡುವೆ ಲೇಸ್ ಕಟ್ಟಿಕೊಂಡ ಕೆಂಪು ಟೋಪಿಯವರಿಗೆ

ಮಾನ್ಯರೇ,

ನೆಬ್ರಾಸ್ಕಾದ ಹಾರ್ಲೋ ಊರಿನ ಕಾಲೇಜು ಮೈದಾನದಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೆಯ ದಿನ, ತಲೆಗೆ ಕೆಂಪು ಟೋಪಿ, ಕಿವಿಗೆ ತಂತಿ ಧರಿಸಿ, ಮುಖಕ್ಕೆ ಮಾತ್ರ ಯಾವ ಭಾವವನ್ನೂ ಧರಿಸದೆ ಎದೆಯ ಮೇಲೆ ಕೈಕಟ್ಟಿ ನಿಂತಿದ್ದ ತಮಗೆ, ಅದೇ ಮೈದಾನದ ಉತ್ತರದ ಅಟ್ಟಣೆಯಲ್ಲಿ ಅಲ್ಯೂಮಿನಿಯಮ್ ಬೆಂಚಿಗೆ ಹೆಪ್ಪುಗಟ್ಟಿ ಅಂಟಿಕೊಂಡಿದ್ದ ಕುಟುಂಬವೊಂದರ ಪರವಾಗಿ ಹೃತ್ಪೂರ್ವಕ ನಮಸ್ಕಾರಗಳು. ತಮ್ಮ ಹೆಸರು ನಮಗೆ ತಿಳಿಯದು. ತಾವು ಸೇವೆ ಸಲ್ಲಿಸುವ ಟಿವಿ ಚಾನೆಲ್ಲಿಗೆ ಫೋನ್ ಮಾಡಿ ಕೇಳಿದಾಗ, ಅಲ್ಲಿನ ಯಂತ್ರವು ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ನನ್ನಿಂದ ಬಹಳ ಹೊತ್ತು ಒತ್ತಿಸಿ, ಕೊನೆಗೆ ಶುಭದಿನ ಹಾರೈಸಿ ಕೈತೊಳೆದುಕೊಂಡಿತು. ಹಾಗಾಗಿ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯಬೇಕಾಗಿ ಬಂದಿದೆ, ಕ್ಷಮಿಸಬೇಕು.

ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂದದ್ದು ಹೇಗೆಂದು ಹೇಳಿಬಿಡುತ್ತೇನೆ. ಆಟ ಸೋತ ಸಂಜೆ, ಹಿಂದಿನ ದಿನದ ಟರ್ಕಿ ಕೋಳಿಯ ಅಳಿದುಳಿದ ಎಲುಬುಗಳ ಸುತ್ತ ನಮ್ಮ ಕುಟುಂಬದ ತುರ್ತು ಸಭೆ ಸೇರಿತು. ನನ್ನ ನಾದಿನಿ ಜನೆಲ್‌ಳ ಗಂಡ ಡ್ವೇನ್, ಅಂದರೆ ನಾವು ನೆಂಟರಾಗಿ ಹೋಗಿದ್ದ ಮನೆಯ ಯಜಮಾನ, ಮೇಜು ಗುದ್ದಿ, "ಆ ಕೆಂಪು ಟೋಪಿಯವನನ್ನ ಸುಮ್ನೆ ಬಿಡಬಾರ್ದು, ಯಾರಾದ್ರೂ ಒಂದು ಕಾಗದ ಜಡೀರಿ!" ಎಂದು ಗೊತ್ತುವಳಿ ಮಂಡಿಸಿದ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕೊಲೊರಾಡೊದ ಒಂದು ವಿಮಾ ಕಂಪನಿಯಲ್ಲಿ ಜನರ ದೂರುಗಳಿಗೆ ಉತ್ತರ ಬರೆದು ಹೊಟ್ಟೆ ಹೊರೆಯುವವಳು. ಎಂಥ ದೂರನ್ನು ಅರ್ಧ ಓದಿ ಬುಟ್ಟಿಗೆ ಹಾಕುತ್ತಾರೆ, ಎಂಥದ್ದನ್ನು ಓದದೆಯೇ ಹಾಕುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಈ ಪತ್ರ ಮೊದಲನೆಯ ಗುಂಪಿಗಾದರೂ ಸೇರಲೆಂದು ಶ್ರಮಿಸಿದ್ದೇನೆ.

ಮೊದಲಿಗೆ ನಮ್ಮ ರಜೆಯ ವಿಚಾರ. ನಾನು, ನನ್ನ ಗಂಡ ಕರ್ಟಿಸ್ ಮತ್ತು ಮಗಳು ಟೆಸ್ಸಾ ಇಡೀ ದಿನ ವ್ಯಾನಿನಲ್ಲಿ ಕೂತು, ಕೊಯ್ಲು ಮುಗಿದ ಜೋಳದ ಹೊಲಗಳನ್ನು ಬಲಕ್ಕೂ ಎಡಕ್ಕೂ ಸಮಾನವಾಗಿ ನೋಡುತ್ತ ಹಾರ್ಲೋ ತಲುಪಿದೆವು. ಡ್ವೇನ್ ನಮಗೆ ನೆಲಮಾಳಿಗೆಯಲ್ಲಿ ಗಾಳಿ ಹಾಸಿಗೆ ಹಾಕಿಸಿಕೊಟ್ಟಿದ್ದ. ಅದು ಮಲಗುವಾಗ ಹಾಸಿಗೆ, ಏಳುವಾಗ ಬರೀ ನೆಲ. ಬೆಳಗಾಗೆದ್ದು ನೋಡಿದರೆ ಮನೆಯವರೆಲ್ಲರೂ ಹಸಿರು ಅಂಗಿ ತೊಟ್ಟು ಸಿದ್ಧ, ಏಕೆಂದರೆ ಹಾರ್ಲೋ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಹೆಸರು ಮಿಡತೆಗಳು. ಇವರ ಮುತ್ತಜ್ಜಂದಿರ ಹೊಲವನ್ನು ಬುಡಸಮೇತ ನುಂಗಿದ ಹುಳದ ಹೆಸರನ್ನೇ ಎದೆಯ ಮೇಲೆ ಬರೆದುಕೊಂಡು ಜೈಕಾರ ಹಾಕುವ ಜನ ಇವರು. ಡ್ವೇನ್ ಹೋದ ತಿಂಗಳು ತಂಡ ಗೆದ್ದಾಗ ಹಾಕಿದ್ದ ಕಾಲುಚೀಲವನ್ನು ತೊಳೆಯದೆ ಹಾಕಿಕೊಂಡಿದ್ದ. ವ್ಯಾನಿನಲ್ಲಿ ನಾನು ಅವನ ಪಕ್ಕವೇ ಕೂತಿದ್ದೆ ಎಂಬುದನ್ನು ನನ್ನ ಸಂಕಷ್ಟಗಳ ಪಟ್ಟಿಗೆ ದಯವಿಟ್ಟು ಸೇರಿಸಿಕೊಳ್ಳಿ.

ಮೈದಾನದ ಹೊರಗಿನ ಪಾರ್ಕಿಂಗಿನಲ್ಲಿ, ಪಿಕಪ್ ಗಾಡಿಯ ಹಿಂಬಾಗಿಲು ಇಳಿಸಿ, ಮಾಂಸ, ರಾಜ್ಮಾ ಕಾಳಿನ ಖಾರದ ಸಾರಾದ ಚಿಲಿಯನ್ನು ಬಟ್ಟಲಿಗೆ ಬಡಿಸಿ, ಅದರಲ್ಲಿ ದಾಲ್ಚಿನ್ನಿಯ ಸಿಹಿ ಸುರುಳಿ ಬ್ರೆಡ್ಡನ್ನು ಅದ್ದಿ ತಿನ್ನುವ ಪದ್ಧತಿ ಇಲ್ಲಿದೆ. ಮದುವೆಯಾದ ಹೊಸತರಲ್ಲಿ ನಾನು ಇದನ್ನು ಕಂಡು ಮುಖ ಕಿವುಚಿದ್ದೆ, ಈಗ ಎರಡನೆಯ ಬಟ್ಟಲು ಕೇಳುತ್ತೇನೆ. ಅಷ್ಟರಮಟ್ಟಿಗೆ ನಾನೂ ಇವರ ಮನೆಯವಳೇ ಆಗಿಬಿಟ್ಟಿದ್ದೇನೆ. ಇದನ್ನು ಏಕೆ ಹೇಳಿದೆನೆಂದರೆ, ಮುಂದೆ ನಾನು ಬರೆಯುವುದನ್ನೆಲ್ಲ ಹೊರಗಿನವಳ ಕುಹಕವೆಂದು ತಾವು ತಳ್ಳಿಹಾಕಬಾರದು.

ಈಗ ತಮ್ಮ ಮಹಿಮೆಗೆ ಬರುತ್ತೇನೆ. ಆಟ ಶುರುವಾಯಿತು, ಉಕ್ಕಿನಂಥ ಇಪ್ಪತ್ತೆರಡು ಆಳುಗಳು ಒಬ್ಬರ ಮೇಲೊಬ್ಬರು ಬಿದ್ದರು, ಎದ್ದರು, ನಮ್ಮ ಗಂಟಲಿನಲ್ಲಿ ಕೂಗು ಹುಟ್ಟುವ ಹೊತ್ತಿಗೆ ಸರಿಯಾಗಿ ತಾವು ಮೈದಾನಕ್ಕೆ ಇಳಿದಿರಿ. ತಾವು ಇಳಿದರೆ ಟಿವಿಯಲ್ಲಿ ಜಾಹೀರಾತು ಶುರುವಾಯಿತೆಂದು ಅರ್ಥ. ತಾವು ಅಲ್ಲಿಂದ ಕದಲುವವರೆಗೆ ಯಾರೂ ಚೆಂಡು ಮುಟ್ಟುವಂತಿಲ್ಲ, ರೆಫರಿ ಸೀಟಿ ಊದುವಂತಿಲ್ಲ, ವರ್ಷಕ್ಕೆ ರಾಜ್ಯಪಾಲರಿಗಿಂತ ಹೆಚ್ಚು ಸಂಬಳ ಎಣಿಸುವ ತರಬೇತುದಾರರೂ ತುಟಿ ಪಿಟಕ್ಕೆನ್ನದೆ ನಿಲ್ಲಬೇಕು. ಬಾಯಿಬಿಟ್ಟು ಒಂದು ಮಾತಾಡದೆ, ಬೆವರಿನ ಒಂದು ಹನಿ ಸುರಿಸದೆ, ಸುಮ್ಮನೆ ನಿಲ್ಲುವುದರಿಂದಲೇ ಸಾವಿರಾರು ಜನರನ್ನು ಆಳುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ನಾವು ಚಳಿಯಲ್ಲಿ ಹಲ್ಲು ಕಡಿಯುತ್ತ ಕೂತಿದ್ದಾಗ ಯಾರದೋ ಬೆಚ್ಚನೆಯ ಮನೆಯಲ್ಲಿ ಟ್ರಕ್ಕು, ಪಿಜ್ಜಾ ಮತ್ತು ಮಂಡಿನೋವಿನ ಮಾತ್ರೆಯ ಜಾಹೀರಾತುಗಳು ಸುಖವಾಗಿ ಹರಿಯುತ್ತಿದ್ದವು. ತಾವು ಹೀಗೆ ಇಳಿದು ಏರಿ ಇಳಿದು ಮಾಡಿದ್ದನ್ನು ಕಂಡು ಟೆಸ್ಸಾ ನನ್ನ ತೋಳು ಜಗ್ಗಿ, "ಅಮ್ಮಾ, ಆ ಕೆಂಪು ಟೋಪಿ ಅಂಕಲ್ ಯಾವ ಟೀಮು? ಅವ್ರೇ ಗೆಲ್ತಿದಾರೆ ಅನ್ಸುತ್ತೆ" ಎಂದಳು.

ಆದರೆ ನಾವು ಅಷ್ಟು ದೂರದಿಂದ ಬಂದದ್ದು ಆಟ ನೋಡುವುದಕ್ಕಲ್ಲ ಎಂಬುದನ್ನು ತಮ್ಮಲ್ಲಿ ವಿನಯದಿಂದ ಅರಿಕೆ ಮಾಡಿಕೊಳ್ಳುತ್ತೇನೆ (ಡ್ವೇನ್‌ನ ಮುಂದೆ ಹೀಗೆ ಹೇಳಿದರೆ ನೆಲಮಾಳಿಗೆಯ ನೆಲವೂ ನಮಗೆ ಸಿಗದು). ನಾವು ಬಂದದ್ದು ಡ್ವೇನ್ ಮತ್ತು ಜನೆಲ್‌ರ ಮಗಳು ಕೋರಿನ್‌ಗಾಗಿ. ಕೋರಿನ್ ಕಾಲೇಜು ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಾಳೆ. ಇದು ಅವಳ ಕೊನೆಯ ವರ್ಷ, ತವರಿನ ಮೈದಾನದಲ್ಲಿ ಇದೇ ಕೊನೆಯ ಆಟ. ಆಟದ ನಡುವಿನ ಬಿಡುವಿನಲ್ಲಿ ಬ್ಯಾಂಡು ಮೈದಾನಕ್ಕಿಳಿದು ನುಡಿಸುವಾಗ, ಕಾಲೇಜಿನ ಹಳೆಯ 'ಸಂಜೆ ಹಾಡ'ನ್ನು ಅವಳೊಬ್ಬಳೇ ಊದುವುದೆಂದು ಗೊತ್ತಾಗಿತ್ತು. ಇಷ್ಟು ವರ್ಷ ನೂರಾರು ಜನರ ನಡುವೆ ಒಂದು ಟೋಪಿಯಾಗಿ ಮಾತ್ರ ಕಾಣುತ್ತಿದ್ದ ಹುಡುಗಿ, ಈ ಒಂದು ಸಲ ಒಬ್ಬಳೇ ನಿಲ್ಲುವವಳಿದ್ದಳು.

ಅದನ್ನು ಕೇಳಬೇಕಾಗಿದ್ದವರು ನನ್ನ ಮಾವ ವೆಂಡೆಲ್. ಡ್ವೇನ್‌ನ ಮನೆಯಲ್ಲೇ ಮೇಲಿನ ಕೋಣೆಯಲ್ಲಿ ಇರುವ ಮುದುಕರು. ಮೊಮ್ಮಗಳು ಚಿಕ್ಕವಳಿದ್ದಾಗ ಅವಳನ್ನು ಪಕ್ಕದೂರಿನ ಸಂಗೀತದ ಮೇಷ್ಟ್ರ ಬಳಿಗೆ ಪಿಕಪ್ಪಿನಲ್ಲಿ ಕರೆದೊಯ್ಯುತ್ತಿದ್ದವರು ಇವರೇ. ಆ ಮೇಷ್ಟ್ರಿಗೆ ಮನೆಯೊಳಗೆ ಬೇರೆಯವರು ಕೂತರೆ ಆಗುತ್ತಿರಲಿಲ್ಲ, ಹಾಗಾಗಿ ಮಾವ ಹೊರಗೆ ಗಾಡಿಯಲ್ಲೇ ಕಾಯುತ್ತಿದ್ದರು. ಕೇಳಿದರೆ, "ರೇಡಿಯೋದಲ್ಲಿ ಜೋಳದ ರೇಟು ಹೇಳ್ತಾರೆ, ಅದನ್ನ ಕೇಳ್ಕೊಂಡು ಕೂತಿರ್ತೀನಿ" ಎನ್ನುತ್ತಿದ್ದರು. ರೇಡಿಯೋ ಕೆಟ್ಟು ಯಾವುದೋ ಕಾಲವಾಗಿತ್ತೆಂದು, ಚಳಿಗಾಲದಲ್ಲೂ ಗಾಡಿಯ ಗಾಜು ಇಳಿಸಿಕೊಂಡೇ ಕೂರುತ್ತಿದ್ದರೆಂದು ಕರ್ಟಿಸ್ ನನಗೆ ಹೇಳಿದ್ದಾನೆ. ಈಗ ಅವರ ಎರಡೂ ಕಿವಿ ಸೋಲುತ್ತಿವೆ. ಒಂದು ಪೂರ್ತಿ ಹೋಗಿದೆ, ಇನ್ನೊಂದು ಯಂತ್ರದ ಆಸರೆಯಲ್ಲಿದೆ. ಮುಂದಿನ ಚಳಿಗಾಲಕ್ಕೆ ಯಂತ್ರದಿಂದಲೂ ಪ್ರಯೋಜನವಾಗಲಿಕ್ಕಿಲ್ಲ ಎಂದು ಡಾಕ್ಟರು ಜನೆಲ್‌ಗೆ ಹೇಳಿದ್ದರು. ಜನೆಲ್ ಅದನ್ನು ಅವರಿಗೆ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಅವರಿಗೆ ಗೊತ್ತೇ ಇತ್ತು.

ಬಿಡುವಿನ ಹೊತ್ತಿನಲ್ಲಿ ನಡೆದದ್ದು ತಮಗೆ ನೆನಪಿರಬಹುದು. ಕಾಲೇಜಿಗೆ ಹೊಸ ಅಂಕಫಲಕ ದಾನ ಮಾಡಿದ ಟ್ರ್ಯಾಕ್ಟರ್ ವ್ಯಾಪಾರಿಯೊಬ್ಬರು ಮೈಕು ಹಿಡಿದು ತಮ್ಮ ಬಾಲ್ಯದಿಂದ ಶುರುಮಾಡಿದರು. ಅವರು ಯೌವನಕ್ಕೆ ಬರುವಷ್ಟರಲ್ಲಿ ಬಿಡುವು ಬಹುಪಾಲು ಕರಗಿತ್ತು. ಆಮೇಲೆ ಬ್ಯಾಂಡು ಬಂದು, ಒಂದು ಕವಾಯತಿನ ಹಾಡು ಬಾರಿಸಿ, ಎಲ್ಲರೂ ಸೇರಿ ಮಿಡತೆಯ ಆಕಾರದಲ್ಲಿ ನಿಂತರು. ಕೋರಿನ್ ಮುಂದೆ ಬಂದಳು. ಟ್ರಂಪೆಟ್ ತುಟಿಗೇರಿಸಿದಳು. ಆಗ ಅಂಚಿನಲ್ಲಿದ್ದ ತಾವು ಬ್ಯಾಂಡಿನ ಮೇಷ್ಟ್ರ ಕಡೆ ನೋಡಿ ಮಣಿಕಟ್ಟನ್ನು ಬೆರಳಿನಿಂದ ತಟ್ಟಿದಿರಿ, ಅಷ್ಟೇ. ಮೇಷ್ಟ್ರು ತಲೆ ತಗ್ಗಿಸಿದರು, ಡೋಲು ಬಡಿಯಿತು, ಮಿಡತೆ ಚದುರಿತು. ಕೋರಿನ್ ಟ್ರಂಪೆಟ್ಟನ್ನು ಕೆಳಗಿಳಿಸಿ, ಉಳಿದವರ ಹಿಂದೆ ಓಡಿದಳು. ಅವಳು ಅದನ್ನು ಇಳಿಸಿದ್ದನ್ನು ತಾವು ನೋಡಿದಿರಿ. ತಾವು ನೋಡಿದ್ದನ್ನು ನಾನು ನೋಡಿದೆ. ಒಂದು ಹುಡುಗಿಯ ನಾಲ್ಕು ವರ್ಷಗಳನ್ನು ಒಂದು ಬೆರಳಿನಲ್ಲಿ ಮುಗಿಸಿದ ತಮ್ಮ ಮಿತವ್ಯಯಕ್ಕೆ ನಮ್ಮ ಕುಟುಂಬದ ಅಭಿನಂದನೆಗಳು.

ಇಲ್ಲಿಯವರೆಗೆ ಇದು ಸಾಧಾರಣ ದೂರು, ಮಾನ್ಯರೇ. ಇದಕ್ಕೆ ನಮ್ಮ ಕಂಪನಿಯಲ್ಲಾದರೆ ವಿಷಾದ ವ್ಯಕ್ತಪಡಿಸುವ ಮೂರು ಸಾಲಿನ ಸಿದ್ಧ ಉತ್ತರವಿದೆ. ಆದರೆ ಆ ಹೊತ್ತಿಗೆ ನನ್ನ ಪಕ್ಕದಲ್ಲಿದ್ದ ಮಾವ, ಮುಂದಕ್ಕೆ ಬಾಗಿ, ಒಳ್ಳೆಯ ಕಿವಿಯನ್ನು ಮೈದಾನಕ್ಕೆ ತಿರುಗಿಸಿ, ಕಣ್ಣು ಮುಚ್ಚಿ ಕೂತಿದ್ದರು. ಅವಳು ಟ್ರಂಪೆಟ್ ಎತ್ತಿದ್ದನ್ನು ನೋಡಿಯೇ ಅವರು ಕಣ್ಣು ಮುಚ್ಚಿದ್ದು. ಬಹಳ ಹೊತ್ತಾದ ಮೇಲೆ ಕಣ್ಣು ತೆರೆದು, ಖಾಲಿ ಮೈದಾನ ನೋಡಿ, "ಆಗೋಯ್ತಾ? ಊದಿದ್ಲಾ?" ಎಂದರು. ಜನೆಲ್, "ಇಲ್ಲ ಅಪ್ಪ, ಊದ್ಲಿಲ್ಲ, ಟೈಮ್ ಆಯ್ತು ಅಂತ ನಿಲ್ಲಿಸ್ಬಿಟ್ರು" ಎಂದು ಕೂಗಿ ಹೇಳಿದಳು. ಅವರು ಮಗಳ ಮುಖವನ್ನೇ ನೋಡಿದರು. "ಸುಳ್ಳು ಹೇಳ್ಬೇಡ. ಎತ್ತಿದ್ದನ್ನ ನಾನೇ ನೋಡಿದೀನಿ. ನಂಗೇ ಕೇಳಿಸ್ಲಿಲ್ಲ ಅಷ್ಟೇ" ಎಂದರು. ಕರ್ಟಿಸ್ ಹೇಳಿದ, ನಾನು ಹೇಳಿದೆ, ಡ್ವೇನ್ ಕೂಡ ಆಣೆ ಇಟ್ಟ. ಎಲ್ಲರೂ ಸೇರಿ ಇಷ್ಟು ಒತ್ತಿ ಹೇಳುತ್ತಿದ್ದಾರೆಂದರೆ ಇದು ಸಮಾಧಾನದ ಮಾತೇ ಎಂದು ಅವರಿಗೆ ಇನ್ನೂ ಖಾತ್ರಿಯಾಯಿತು. ಕಿವಿಯಿಂದ ಯಂತ್ರವನ್ನು ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಕೋಟಿನ ಒಳಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು. "ಇನ್ನಿದು ಯಾಕೆ" ಎಂದರು.

ಆಮೇಲಿನ ಆಟ ನನಗೆ ಕಾಣಲಿಲ್ಲ. ಮೈದಾನದಲ್ಲಿ ಏನೇನೋ ಆಗುತ್ತಿತ್ತು, ಡ್ವೇನ್ ಹಿಡಿಶಾಪ ಹಾಕುತ್ತಿದ್ದ, ಮಾವ ಗಾಜಿನ ಹಿಂದೆ ಕೂತವರ ಹಾಗೆ ಎಲ್ಲವನ್ನೂ ಸುಮ್ಮನೆ ನೋಡುತ್ತಿದ್ದರು. ಪಕ್ಕದಲ್ಲಿ ಕೂತು ಅದನ್ನು ಕಂಡಾಗ ಬಂದ ಸಿಟ್ಟನ್ನು ಸಭ್ಯ ಭಾಷೆಯಲ್ಲಿ ಬರೆಯಲು ನನಗೆ ಬಾರದು. ಆ ಹೊತ್ತಿನಲ್ಲಿ ತಾವು ಕೈಗೆ ಸಿಕ್ಕಿದ್ದರೆ ತಮ್ಮ ಕೆಂಪು ಟೋಪಿಯ ಗತಿ ಬೇರೆಯೇ ಆಗುತ್ತಿತ್ತು ಎಂದಷ್ಟು ಹೇಳಬಲ್ಲೆ.

ಇನ್ನು ಡ್ವೇನ್ ಸಲ್ಲಿಸಬಯಸುವ ಮುಖ್ಯ ದೂರು. ಆಟ ಮುಗಿಯಲು ಸ್ವಲ್ಪವೇ ಉಳಿದಿತ್ತು, ನಮ್ಮವರು ಮೂರೇ ಅಂಕ ಹಿಂದಿದ್ದರು, ಚೆಂಡು ನಮ್ಮ ಕೈಯಲ್ಲಿತ್ತು. ಎದುರಾಳಿ ರಿವರ್‌ಟನ್‌ನವರು ಸೊಂಟದ ಮೇಲೆ ಕೈಯಿಟ್ಟು, ನಾಲಿಗೆ ಹೊರಹಾಕಿ ಏದುಸಿರು ಬಿಡುತ್ತಿದ್ದರು. "ಈಗ ನುಗ್ಗಿದ್ರೆ ಮುಗೀತು, ಉಸಿರಾಡೋಕೆ ಬಿಡ್ಬೇಡ್ರೋ!" ಎಂದು ಡ್ವೇನ್ ಬೆಂಚು ಹತ್ತಿ ಕುಣಿಯುತ್ತಿದ್ದಾಗ ತಾವು ಕೊನೆಯ ಸಲ ಮೈದಾನಕ್ಕೆ ಇಳಿದಿರಿ. ಡ್ವೇನ್ ತಲೆಯ ಮೇಲೆ ಕೈಹೊತ್ತು ಕೂತ. ಇಂಥ ಬಿಡುವುಗಳಲ್ಲಿ ಅಟ್ಟಣೆಯಲ್ಲಿ ಕೂತೇ ಬ್ಯಾಂಡಿನವರು ಏನಾದರೊಂದು ಬಾರಿಸುವುದು ರೂಢಿ. ಈ ಸಲ ಬ್ಯಾಂಡಿನ ಮೇಷ್ಟ್ರು ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಕೋರಿನ್ ಕಡೆ ನೋಡಿ ತಲೆಯಾಡಿಸಿದರು. ಅವಳು ಕಂಬಿಯ ಹತ್ತಿರ ಬಂದು ನಿಂತು 'ಸಂಜೆ ಹಾಡು' ಊದತೊಡಗಿದಳು.

ಮೊದಲ ಸಾಲಿಗೇ ಜನ ಎದ್ದುನಿಂತು ಟೋಪಿ ತೆಗೆದರು. ಎಲ್ಲರೂ ಎದ್ದದ್ದು ಕಂಡು ಮಾವನೂ ಎದ್ದರು, ಏಕೆಂದು ಮಾತ್ರ ಅವರಿಗೆ ತಿಳಿಯಲಿಲ್ಲ. ಜನೆಲ್ ಅವರ ಕೋಟಿಗೆ ಕೈಹಾಕಿ, "ಅಪ್ಪ, ಕಿವಿಗೆ ಹಾಕ್ಕೊಳಿ, ಕೋರಿನ್ ಊದ್ತಿದಾಳೆ, ಹಾಕ್ಕೊಳಿ ಬೇಗ!" ಎಂದು ಗುಂಡಿ ಕೀಳತೊಡಗಿದಳು. ಅವರು ಅವಳ ಕೈ ತಳ್ಳಿದರು. ಅವಳು ಮೊಮ್ಮಗಳ ಕಡೆ ಬೆರಳು ತೋರಿಸಿದಳು. ಆಗ ಅವರೇ ಜೇಬಿಗೆ ಕೈಹಾಕಿದರು, ಆದರೆ ಚಳಿಗೆ ಮರಗಟ್ಟಿದ ಬೆರಳುಗಳಿಗೆ ಕರವಸ್ತ್ರ ಬಿಚ್ಚಲಾಗಲಿಲ್ಲ, ಯಂತ್ರ ಕೈಜಾರಿ ಬೆಂಚಿನ ಕೆಳಗೆ ಬಿತ್ತು. ಕರ್ಟಿಸ್ ಮಂಡಿಯೂರಿ ಚಿಪ್ಸಿನ ಪುಡಿಯ ನಡುವೆ ತಡಕಾಡಿ ಅದನ್ನು ಹುಡುಕಿ, ಅಂಗಿಗೆ ಒರೆಸಿ, ಅಪ್ಪನ ಕಿವಿಗೆ ಇಟ್ಟ. ಅದು ಕಿರ್ರೆಂದು ಕೂಗಿತು, ಸರಿಮಾಡಿದ. ಹಾಡು ಕೊನೆಯ ಚರಣಕ್ಕೆ ಬಂದಿತ್ತು. ರೆಫರಿ ಸೀಟಿಯನ್ನು ಬಾಯಿಗಿಟ್ಟುಕೊಂಡರು. ಜಾಹೀರಾತು ಮುಗಿದಿತ್ತು, ತಾವು ಕೈ ಬೀಸಿ ಹೊರನಡೆಯಬೇಕಾದ ಹೊತ್ತು ಅದು. ತಾವು ನಡೆದರೆ ಸೀಟಿ, ಸೀಟಿ ಬಿದ್ದರೆ ಜನರ ಗದ್ದಲ, ಆ ಗದ್ದಲದಲ್ಲಿ ಒಂದು ಟ್ರಂಪೆಟ್ ಯಾರ ಕಿವಿಗೂ ಬೀಳುವ ಮಾತಿಲ್ಲ.

ತಾವು ಬಗ್ಗಿ ಬೂಟಿನ ಲೇಸ್ ಕಟ್ಟಿಕೊಳ್ಳತೊಡಗಿದಿರಿ.

ಆಟಗಾರರು ನಿಂತೇ ಇದ್ದರು. ರೆಫರಿ ತಮ್ಮನ್ನು ನೋಡಿದರು, ಗಡಿಯಾರ ನೋಡಿದರು, ಮತ್ತೆ ತಮ್ಮನ್ನು ನೋಡಿದರು. ಕಿವಿಯ ತಂತಿಯಲ್ಲಿ ತಮ್ಮ ಮೇಲಿನವರು ಏನೇನು ಬೈದಿರಬಹುದೆಂದು ನಾನು ಊಹಿಸಬಲ್ಲೆ. ತಾವು ಒಂದು ಬೂಟು ಮುಗಿಸಿ, ನಿಧಾನವಾಗಿ ಇನ್ನೊಂದಕ್ಕೆ ತಿರುಗಿದಿರಿ. ಅಷ್ಟರಲ್ಲಿ ಕೊನೆಯ ಸಾಲು ಬಂತು, ಎತ್ತರಕ್ಕೆ ಏರಿತು, ಅಲ್ಲೇ ನಿಂತಿತು, ಮುಗಿಯಿತು. ಮಾವ ಕಿವಿಯ ಮೇಲೆ ಅಂಗೈ ಒತ್ತಿ ಹಿಡಿದು ಹಾಗೆಯೇ ನಿಂತಿದ್ದರು. ಆಮೇಲೆ ಜನೆಲ್ ಕಡೆ ತಿರುಗಿ, "ಕೊನೇಲಿ ಉಸಿರು ಸಾಲಲ್ಲ ಅಂತ ಯಾವಾಗ್ಲೂ ಅಳೋಳು. ಇವತ್ತು ಸಾಲ್ತು ನೋಡು" ಎಂದರು.

ತಾವು ಎದ್ದಿರಿ, ಕೈ ಬೀಸಿದಿರಿ, ಹೊರನಡೆದಿರಿ. ಅಷ್ಟರಲ್ಲಿ ರಿವರ್‌ಟನ್‌ನವರು ಹೊಟ್ಟೆತುಂಬ ಉಸಿರು ತುಂಬಿಕೊಂಡಿದ್ದರು. ಮುಂದಿನ ಮೂರೂ ನುಗ್ಗಾಟದಲ್ಲಿ ನಮ್ಮ ಮಿಡತೆಗಳನ್ನು ಅಂಗಾತ ಕೆಡವಿ, ನಾಲ್ಕನೆಯದರಲ್ಲಿ ಚೆಂಡನ್ನೇ ಕಸಿದುಕೊಂಡರು. ನಾವು ಸೋತೆವು. ಡ್ವೇನ್ ಒಂದು ಕೈಯಿಂದ ಕಣ್ಣೊರೆಸಿಕೊಳ್ಳುತ್ತಲೇ ಇನ್ನೊಂದು ಕೈಯನ್ನು ತಮ್ಮತ್ತ ಚಾಚಿ, "ಆ ಲೇಸೇ ನಮ್ಮನ್ನ ಮುಳುಗಿಸಿದ್ದು! ನನ್ನ ಮಗಳು ನಾಳೆ ಮನೇಲಿ ಎಷ್ಟು ಸಲ ಬೇಕಾದ್ರೂ ಊದ್ತಾಳೆ, ಈ ಚಾನ್ಸು ಮತ್ತೆ ಬರುತ್ತೇನ್ರೋ?" ಎಂದು ಗಂಟಲು ಹರಿದುಕೊಂಡ. ಆ ಕಣ್ಣೀರು ಮಗಳಿಗಾಗಿ ಸುರಿದದ್ದೋ ಮಿಡತೆಗಳಿಗಾಗಿಯೋ ಎಂದು ನಾನು ಕೇಳಲು ಹೋಗಲಿಲ್ಲ. ಬಹುಶಃ ಅವನಿಗೂ ಗೊತ್ತಿರಲಿಕ್ಕಿಲ್ಲ.

ಆದಕಾರಣ, ಕುಟುಂಬದ ಗೊತ್ತುವಳಿಗೆ ಬದ್ಧಳಾಗಿ, ತಮ್ಮ ಮೇಲೆ ಈ ಕೆಳಗಿನ ಆರೋಪ ಹೊರಿಸುತ್ತಿದ್ದೇನೆ. ತಾವು ತಮ್ಮ ಚಾನೆಲ್ಲಿನ ಅಮೂಲ್ಯ ಸಮಯವನ್ನು ಬೂಟಿನ ಆರೈಕೆಗೆ ಪೋಲು ಮಾಡಿದ್ದೀರಿ; ದೇಶದ ಜನರೆಲ್ಲ ಜಾಹೀರಾತು ಮುಗಿಸಿ ಬಂದು ನೋಡಿದರೆ ಅವರಿಗೆ ತಮ್ಮ ಬಗ್ಗಿದ ಬೆನ್ನನ್ನು ತೋರಿಸಿದ್ದೀರಿ; ಹಾರ್ಲೋ ಊರಿನ ಒಂದು ವರ್ಷದ ಮರ್ಯಾದೆಯನ್ನು ಗಾಳಿಗೆ ತೂರಿದ್ದೀರಿ. ಇದಕ್ಕೆ ಪರಿಹಾರವಾಗಿ ಡ್ವೇನ್ ಆ ಆಟವನ್ನು ಆ ಗಳಿಗೆಯಿಂದ ಮತ್ತೆ ಆಡಿಸಬೇಕೆಂದು ಕೇಳುತ್ತಾನೆ. ರಿವರ್‌ಟನ್‌ನವರು ಮುಂಚಿತವಾಗಿ ಬೆಟ್ಟ ಹತ್ತಿ ಇಳಿದು, ಸುಸ್ತಾಗಿ ಬರಬೇಕಂತೆ. ಜನೆಲ್ ಏನೂ ಕೇಳಿಲ್ಲ. ಕರ್ಟಿಸ್, ನಾವು ಹೊರಡುವಾಗ ಅಂಗಳದಲ್ಲಿ ವ್ಯಾನಿನ ಕಿಟಕಿ ಹಿಡಿದುಕೊಂಡು ಡ್ವೇನ್ ಮಾತಾಡುತ್ತಲೇ ಇರುತ್ತಾನಲ್ಲ, ಆಗ ತಾವು ಬಂದು ಮಣಿಕಟ್ಟು ತಟ್ಟಬಹುದೇ ಎಂದು ವಿಚಾರಿಸಿದ್ದಾನೆ.

ನನ್ನದೊಂದು ಚಿಕ್ಕ ಬೇಡಿಕೆಯೂ ಇದೆ. ತಾವು ನಿಂತಲ್ಲಿ ಎಲ್ಲವೂ ನಿಲ್ಲುವುದನ್ನು ಕಣ್ಣಾರೆ ಕಂಡಿದ್ದೇನೆ. ಆಟದ ಕಾಲ ಮುಗಿದ ಮೇಲೆ ತಮಗೆ ಬಿಡುವಿರುತ್ತದಲ್ಲ, ಹಾರ್ಲೋಗೆ ಬಂದು ನಮ್ಮ ನೆಂಟರ ಮನೆಯ ಮೇಲಿನ ಕೋಣೆಯಲ್ಲಿ, ಆ ಮುದುಕರ ಕುರ್ಚಿಯ ಪಕ್ಕದಲ್ಲಿ, ಎದೆಯ ಮೇಲೆ ಕೈಕಟ್ಟಿ ಸುಮ್ಮನೆ ನಿಂತುಬಿಡಿ. ಮುಂದಿನ ಚಳಿಗಾಲ ಬಾಗಿಲ ಹೊರಗೇ ಕಾಯಲಿ. ಕೋರಿನ್ ಭಾನುವಾರಗಳಲ್ಲಿ ಮನೆಗೆ ಬರುತ್ತಾಳೆ, ತಾತನಿಗೆ ಊದಿ ಕೇಳಿಸುತ್ತಾಳೆ. ಬಹಳ ದಿನ ನಿಲ್ಲಬೇಕೆಂದು ಕೇಳುವುದಿಲ್ಲ. ಎರಡೂ ಬೂಟಿಗೆ ಲೇಸ್ ಕಟ್ಟಿಕೊಳ್ಳುವಷ್ಟು ಹೊತ್ತು ಸಾಕು.

ಈ ದೂರನ್ನು ತಾವು ಹೊಟ್ಟೆಗೆ ಹಾಕಿಕೊಳ್ಳುವಿರೆಂದು ನಂಬಿರುವ,

ತಮ್ಮ ವಿಶ್ವಾಸಿ,
ರೋಂಡಾ ಹೋಮ್‌ಕ್ವಿಸ್ಟ್

ತಾಜಾ ಕಲಂ: ಡ್ವೇನ್ ಯಾವ ಕಾಗದವನ್ನೂ ಸಹಿಯಿಂದ ಕೆಳಗೆ ಓದುವವನಲ್ಲ, ಹಾಗಾಗಿ ಇದನ್ನು ಇಲ್ಲಿ ಬರೆಯುತ್ತಿದ್ದೇನೆ. ತಾವು ಬಗ್ಗಿದ ಗಳಿಗೆಯಲ್ಲಿ ನಾವು ತಂದಿದ್ದ ಚಿಕ್ಕ ದುರ್ಬೀನು ಇದ್ದದ್ದು ಟೆಸ್ಸಾಳ ಕೈಯಲ್ಲಿ. ತಮ್ಮ ಕಾಲಲ್ಲಿದ್ದದ್ದು ಎಳೆದು ಸಿಕ್ಕಿಸಿಕೊಳ್ಳುವ ರಬ್ಬರು ಬೂಟು, ಅದಕ್ಕೆ ಲೇಸೇ ಇರಲಿಲ್ಲ ಎಂದು ಅವಳು ನನ್ನ ಕಿವಿಯಲ್ಲಿ ಹೇಳಿದಳು. ಐಸ್‌ಕ್ರೀಮ್ ಕೊಡಿಸಿ ಅವಳ ಬಾಯಿಗೆ ಬೀಗ ಹಾಕಿದ್ದೇನೆ. ಆದರೂ ಮುಂದಿನ ವರ್ಷ ದಯವಿಟ್ಟು ಲೇಸಿರುವ ಬೂಟು ಹಾಕಿಕೊಂಡು ಬನ್ನಿ. ಆಟದ ನಡುವೆ ಲೇಸ್ ಕಟ್ಟಿ ಮಿಡತೆಗಳನ್ನು ಮುಳುಗಿಸಿದವರನ್ನು ಡ್ವೇನ್ ಹತ್ತಿರದಿಂದ ನೋಡಬೇಕಂತೆ, ದೊಡ್ಡ ದುರ್ಬೀನು ಕೊಂಡಿದ್ದಾನೆ.